ಸೀಟು ಸಿಕ್ಕರೆ ಸಾಲದು, ಜಾಗವೂ ಸಿಗಬೇಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಹೊರಟವರಿಗೊಂದು ಕಿವಿಮಾತು: 371(ಜೆ) ಪ್ರಮಾಣಪತ್ರವನ್ನು ಕೊನೆಯ ದಿನಕ್ಕೆ ಬಿಡಬೇಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲು. ಅದರ ಬೆಲೆ ಹರಪನಹಳ್ಳಿಗೆ ಗೊತ್ತು. 1997ರಲ್ಲಿ ಈ ಭಾಗದ ಹೊರಗಿನ ದಾವಣಗೆರೆ ಜಿಲ್ಲೆಗೆ ಸೇರಿದ್ದ ಆ ತಾಲ್ಲೂಕು ಈ ಸೌಲಭ್ಯಕ್ಕಾಗಿ ಹೋರಾಡಬೇಕಾಯಿತು.

‘ಹೀಗಾದರೆ ಪ್ರತಿಭೆಗೆ ಬೆಲೆಯೆಲ್ಲಿ?’ ಎನ್ನುವವರಿದ್ದಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಮೀಸಲಾತಿ ಕೊಡುವುದು ಪ್ರವೇಶವನ್ನು, ಪದವಿಯನ್ನಲ್ಲ. ಒಳಗೆ ಹೋದ ಮೇಲೆ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಶೇಂಗಾ ಕೀಳುತ್ತಲೇ ಓದಿದವಳನ್ನೂ ಟ್ಯೂಷನ್ನಿಗೆ ಹೋಗಿ ಓದಿದವನನ್ನೂ ಬರೀ ಅಂಕದ ತಕ್ಕಡಿಗೆ ಹಾಕಿದರೆ, ತೂಗಿದ್ದು ಪ್ರತಿಭೆಯನ್ನಷ್ಟೇ ಅಲ್ಲ, ಅನುಕೂಲವನ್ನೂ. ಹಾಗಂತ ಸೀಟು ಸಿಕ್ಕ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ನಿಷೇಧಿಸಿದರೂ, ಆ ಪದ್ಧತಿಗೆ ಸಿಲುಕಿದ ತಾಯಂದಿರ ಮಕ್ಕಳ ಪೆನ್ನು ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬಲ್ಲಿಗೆ ಬಂದಾಗ ತಡವರಿಸುತ್ತದೆ. ಅಲ್ಲಿ ಕಾನೂನಿಗಿಂತ ಮೊದಲು ನೆರವಾಗುವುದು ಗುಮಾಸ್ತರ ಮೆತ್ತನೆಯ ಮಾತು, ಸಾಲಿನಲ್ಲಿ ಹಿಂದೆ ನಿಂತವರ ಮೌನ. ತಾರತಮ್ಯ ಕಂಡರೆ ನುಂಗಿಕೊಳ್ಳಬೇಡಿ, ಬರವಣಿಗೆಯಲ್ಲಿ ದೂರು ಕೊಡಿ. ಅದಕ್ಕಾಗಿಯೇ ಸಂಸ್ಥೆಗಳಲ್ಲಿ ಸಮಾನ ಅವಕಾಶ ಘಟಕ ಇರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲೇ ನಿಯಮ ಮಾಡಿದೆ. ನಿಯಮಕ್ಕೆ ಜೀವ ಬರುವುದು ಮಾತ್ರ ನಿಮ್ಮಿಂದಲೇ. ಹಾಸ್ಟೆಲಿನ ಊಟದ ಸಾಲಿನಲ್ಲಿ ಹೊಸಬರು ಬಂದರೆ ಜಾತಿ ಕೇಳಬೇಡಿ, ಸರಿದು ಕೂತು ತಟ್ಟೆಗೆ ಜಾಗ ಕೊಡಿ.