ಕಡಲತೀರದ ಕಾಂಕ್ರೀಟು: ಉಪ್ಪುನೀರಿನಿಂದ ರಕ್ಷಣೆ

ಗೋವೆಯ ಪಣಜಿಯಲ್ಲಿ ಮಾಂಡವಿ ನದಿಯ ಮೇಲಿದ್ದ ರಸ್ತೆ ಸೇತುವೆಯು 1986ರ ಜುಲೈ 5ರಂದು ಕುಸಿದುಬಿದ್ದಿತು. ಅದು ಬಳಕೆಯಲ್ಲಿದ್ದುದು ಸುಮಾರು ಹದಿನೈದು ವರ್ಷಗಳಷ್ಟೇ. ಉಪ್ಪಿನ ಪರಿಸರದಲ್ಲಿ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿದುದೇ ಈ ದುರಂತಕ್ಕೆ ಪ್ರಮುಖ ಕಾರಣವೆಂದು ಗುರುತಿಸಲಾಯಿತು. ಕಾಂಕ್ರೀಟು ಕಲ್ಲಿನಂತೆ ಶಾಶ್ವತವೆಂಬ ನಂಬಿಕೆಯು ಕಡಲತೀರದಲ್ಲಿ ಸಲ್ಲದು.

ತುಕ್ಕು ಹಿಡಿಯುವ ಬಗೆ

ಸಿಮೆಂಟಿನ ಕ್ಷಾರಗುಣದಿಂದಾಗಿ ಕಾಂಕ್ರೀಟಿನೊಳಗಿನ ಸರಳುಗಳ ಮೇಲೆ ತೆಳುವಾದ ರಕ್ಷಕ ಪೊರೆಯೊಂದು ಏರ್ಪಡುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಸೇರಿ ಈ ಪೊರೆಯನ್ನು ಭೇದಿಸುತ್ತದೆ. ಬಳಿಕ ತೇವ ಮತ್ತು ಆಮ್ಲಜನಕಗಳು ದೊರೆತೊಡನೆ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ.

ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಆಮ್ಲಜನಕ ವಿರಳವಾಗಿ ದೊರೆಯುವುದರಿಂದ ಅಲ್ಲಿ ತುಕ್ಕು ನಿಧಾನ. ಉಬ್ಬರವಿಳಿತಕ್ಕೆ ಸಿಕ್ಕಿ, ಅಲೆಗಳ ತುಂತುರಿಗೆ ಒಡ್ಡಿಕೊಂಡು, ಮತ್ತೆ ಮತ್ತೆ ನೆನೆದು ಒಣಗುವ ಭಾಗವೇ ಅತ್ಯಂತ ಅಪಾಯಕಾರಿ.

ಕಟ್ಟುವಾಗಲೇ ಎಚ್ಚರಿಕೆ

ಉಪ್ಪು ಸರಳನ್ನು ತಲುಪದಂತೆ ತಡೆಯುವುದೇ ಮುಖ್ಯ ಉಪಾಯ. 2000ದಲ್ಲಿ ಪ್ರಕಟವಾದ ಭಾರತೀಯ ಮಾನಕ ಐ.ಎಸ್. 456, ಸಮುದ್ರದ ತುಂತುರು ತಗಲುವ ಭಾಗಗಳಲ್ಲಿ ಸರಳಿನ ಮೇಲೆ ಕನಿಷ್ಠ 50 ಮಿಲಿಮೀಟರ್, ಉಬ್ಬರವಿಳಿತದ ವಲಯದಲ್ಲಿ 75 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆಯನ್ನು ವಿಧಿಸಿತು. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನಲ್ಲಿ ರಂಧ್ರಗಳು ಹೆಚ್ಚುವುದರಿಂದ, ಈ ಎರಡು ಸಂದರ್ಭಗಳಲ್ಲಿ ನೀರಿನ ತೂಕವು ಸಿಮೆಂಟಿನ ತೂಕದ ಕ್ರಮವಾಗಿ ಶೇ. 45 ಮತ್ತು ಶೇ. 40ನ್ನು ಮೀರಬಾರದೆಂದೂ ಅದು ಸೂಚಿಸಿತು.

ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತ ಸಿಮೆಂಟು ಕಾಂಕ್ರೀಟನ್ನು ಇನ್ನಷ್ಟು ಒತ್ತಾಗಿಸುತ್ತದೆ. ಆದರೆ ಅದಕ್ಕೆ ಕನಿಷ್ಠ ಹತ್ತು ದಿನ ನೀರುಣಿಸಬೇಕು. ಕಡಲ ಮರಳನ್ನು ತೊಳೆಯದೆ ಬಳಸುವುದೂ, ಉಪ್ಪುನೀರಿನಿಂದ ಕಾಂಕ್ರೀಟು ಕಲಸುವುದೂ ಶತ್ರುವನ್ನು ಮನೆಯೊಳಕ್ಕೆ ಕರೆತಂದಂತೆ. ಮಹತ್ವದ ಕಾಮಗಾರಿಗಳಲ್ಲಿ ತುಕ್ಕು ನಿರೋಧಕ ಉಕ್ಕನ್ನೂ ಬಳಸಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಪಾಂಬನ್‌ನ ಹೊಸ ರೈಲು ಸೇತುವೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನು ಅಳವಡಿಸಲಾಗಿದೆ.

ಹಳೆಯ ಕಟ್ಟಡಗಳಲ್ಲಿ

ಮುಂಬಯಿ, ಚೆನ್ನೈಗಳಂತಹ ನಗರಗಳ ನಿವಾಸಿಗಳು ಮೂರು ಲಕ್ಷಣಗಳನ್ನು ಗಮನಿಸಬೇಕು: ಕಂದು ಬಣ್ಣದ ಕಲೆ, ಸರಳಿನ ಉದ್ದಕ್ಕೂ ಮೂಡಿದ ಬಿರುಕು, ತಟ್ಟಿದಾಗ ಕೇಳುವ ಟೊಳ್ಳು ಸದ್ದು. ಇಂತಹ ಕಡೆ ಮೇಲೆ ಗಾರೆ ಮೆತ್ತಿ ಬಣ್ಣ ಬಳಿದರೆ ರೋಗವು ಮರೆಯಾಗುವುದೇ ಹೊರತು ವಾಸಿಯಾಗದು. ಸಡಿಲಗೊಂಡ ಹಾಗೂ ಉಪ್ಪು ಸೇರಿದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕೆತ್ತಿ ತೆಗೆದು, ತುಕ್ಕನ್ನು ಪೂರ್ಣವಾಗಿ ಉಜ್ಜಿ, ಸವೆದ ಸರಳಿಗೆ ಹೊಸದನ್ನು ಜೋಡಿಸಿ, ರಕ್ಷಕ ಲೇಪ ಕೊಟ್ಟು, ಬಳಿಕವೇ ಗಾರೆ ತುಂಬಬೇಕು. ಕಂಬ ತೊಲೆಗಳನ್ನು ಕೆತ್ತುವ ಮುನ್ನ ಆಧಾರ ಕೊಡುವುದು ಅಗತ್ಯವಾದುದರಿಂದ ಈ ಕೆಲಸವು ಅರ್ಹ ಎಂಜಿನಿಯರರ ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕದ್ದು.

ಬಿರುಕು ಕಣ್ಣಿಗೆ ಬೀಳುವ ವೇಳೆಗೆ ಒಳಗಿನ ತುಕ್ಕು ಸಾಕಷ್ಟು ಮುಂದುವರಿದಿರುತ್ತದೆ. ಆದುದರಿಂದ ಮಳೆಗಾಲದ ಮುನ್ನ ಮತ್ತು ಅನಂತರ ಕಟ್ಟಡವನ್ನು ತಪ್ಪದೆ ಪರಿಶೀಲಿಸುವುದು ಅದರಲ್ಲಿ ವಾಸಿಸುವವರೆಲ್ಲರ ಹೊಣೆಯಾಗಿದೆ.