ದಂತವೈದ್ಯ ವಿದ್ಯಾಲಯದ ಹೊಸ್ತಿಲಲ್ಲಿ: ಅರ್ಹತೆ ಯಾವುದು, ಹಕ್ಕು ಯಾವುದು

ತಿಕೋಟಾದಿಂದ ವಿಜಯಪುರಕ್ಕೆ ಬರುವ ಅಥಣಿ ರಸ್ತೆಯಲ್ಲಿ ಅಲ್-ಅಮೀನ್ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ಆ ಕಟ್ಟಡವನ್ನು ನೋಡುತ್ತ ನಗರದ ಪದವಿಪೂರ್ವ ಕಾಲೇಜುಗಳಿಗೆ ಬರುವ ತಿಕೋಟಾ ಭಾಗದ ಮಕ್ಕಳಲ್ಲಿ ಎಷ್ಟೋ ಮಂದಿ, ಅಂಥ ವಿದ್ಯಾಲಯವನ್ನು ಸೇರಲು ತಮ್ಮಲ್ಲಿ ಏನಿರಬೇಕು, ಏನಿಲ್ಲದಿದ್ದರೂ ನಡೆದೀತು ಎಂಬುದನ್ನು ಅರಿಯದೆ, ಅವರಿವರ ಮಾತು ಕೇಳಿ ಆಸೆಯನ್ನು ಕೈಬಿಡುತ್ತಾರೆ. ಅರ್ಹತೆಯನ್ನು ನಿಗದಿಮಾಡುವುದು ಕಾನೂನು. ಅದು ಕೇಳದ್ದನ್ನು ಬೇರಾರೂ ಕೇಳಕೂಡದು, ಅದು ಕೇಳಿದ್ದನ್ನು ಸಕಾಲದಲ್ಲಿ ಒದಗಿಸುವುದು ವಿದ್ಯಾರ್ಥಿಯ ಕರ್ತವ್ಯ. ಈ ಎರಡನ್ನೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಮೂಲ ಅರ್ಹತೆ

ದಂತವೈದ್ಯ ಶಿಕ್ಷಣದ ನಿಯಮಗಳು 1948ರ ದಂತವೈದ್ಯರ ಅಧಿನಿಯಮದ ಆಧಾರದ ಮೇಲೆ ರೂಪುಗೊಂಡವು. ಅದರ ಸ್ಥಾನದಲ್ಲಿ ನಿಲ್ಲಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಅಧಿನಿಯಮವನ್ನು ಅಂಗೀಕರಿಸಿತು. ದಂತವೈದ್ಯ ಪದವಿಯಾದ ಬಿಡಿಎಸ್ ಸೇರುವವರು ಪದವಿಪೂರ್ವದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹಾಗೂ ಇಂಗ್ಲಿಷನ್ನು ಓದಿ ತೇರ್ಗಡೆಯಾಗಿರತಕ್ಕದ್ದು; ವಿಜ್ಞಾನದ ಮೂರು ವಿಷಯಗಳಲ್ಲಿ ಒಟ್ಟಾಗಿ ಶೇಕಡಾ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರು ಶೇಕಡಾ 40, ಸಾಮಾನ್ಯ ವರ್ಗದ ವಿಕಲಚೇತನರು ಶೇಕಡಾ 45 ಅಂಕ ಪಡೆದಿರತಕ್ಕದ್ದು; ಪ್ರವೇಶದ ವರ್ಷದ ಡಿಸೆಂಬರ್ 31ರೊಳಗೆ 17 ವರ್ಷ ತುಂಬಿರತಕ್ಕದ್ದು. ಇವುಗಳ ಮೇಲೆ, ದಂತವೈದ್ಯರ ಅಧಿನಿಯಮಕ್ಕೆ 2016ರಲ್ಲಿ ಆದ ತಿದ್ದುಪಡಿಯಿಂದ ಕಡ್ಡಾಯವಾದ, ರಾಷ್ಟ್ರಮಟ್ಟದ ನೀಟ್ ಪ್ರವೇಶ ಪರೀಕ್ಷೆಯಲ್ಲಿ ಕ್ರಮವಾಗಿ 50, 40, 45ನೆಯ ಪರ್ಸೆಂಟೈಲ್ ಮುಟ್ಟಬೇಕು. ಪರ್ಸೆಂಟೈಲ್ ಎಂದರೆ ನೂರಕ್ಕೆ ಅಷ್ಟು ಅಂಕವೆಂದು ಅಂಜಬೇಕಾಗಿಲ್ಲ; ಪರೀಕ್ಷೆ ಬರೆದವರ ಸಾಲಿನಲ್ಲಿ ತಾನೆಲ್ಲಿ ನಿಂತಿದ್ದೇನೆಂಬುದರ ಅಳತೆ ಅದು. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು.

ಕೈಚಳಕದ ಪ್ರಶ್ನೆ

ಮೊದಲ ವರ್ಷದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಕೈಗೆ ಮೇಣದ ತುಂಡನ್ನು ಕೊಟ್ಟು, ಸಣ್ಣ ಅಲಗಿನಿಂದ ದವಡೆಹಲ್ಲೊಂದನ್ನು ಅದರ ಉಬ್ಬುತಗ್ಗುಗಳ ಸಮೇತ ಕೆತ್ತಿಸುತ್ತಾರೆ. ಮುಂದೆ, ರೋಗಿಯ ಬಾಯಿಯನ್ನು ಮುಟ್ಟುವ ಮೊದಲು, ಕೃತಕ ತಲೆಯೊಂದರ ದವಡೆಯಲ್ಲಿ ಜೋಡಿಸಿದ ಹಲ್ಲನ್ನು, ಪುಟ್ಟ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ಬಿಂಬವನ್ನೇ ನೋಡುತ್ತ ಕೊರೆಯುವ ಅಭ್ಯಾಸ ಮಾಡಿಸುತ್ತಾರೆ. ಇಂಥ ಕೌಶಲ ಮೊದಲೇ ಇರಬೇಕೆಂದು ನಮ್ಮ ಪ್ರವೇಶ ನಿಯಮಗಳು ವಿಧಿಸಿಲ್ಲ. ನಾಲ್ಕು ವರ್ಷದ ಅಧ್ಯಯನವೂ ಒಂದು ವರ್ಷದ ಇಂಟರ್ನ್‌ಶಿಪ್ಪೂ ಇರುವುದು ಅದನ್ನು ಕಲಿಸುವುದಕ್ಕಾಗಿಯೇ. ಮೊದಲ ದಿನ ಮೇಣ ಕೈಯಲ್ಲಿ ಮುರಿದರೆ ಅದು ಅನರ್ಹತೆಯಲ್ಲ, ಕಲಿಕೆಯ ಆರಂಭ.

ದೇಹದಲ್ಲಿ ಊನವಿರುವವರ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿ ಮಾತನಾಡಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 32ನೆಯ ಕಲಮು, ಶೇಕಡಾ 40 ಅಥವಾ ಹೆಚ್ಚು ವೈಕಲ್ಯವುಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ಕಾದಿರಿಸಿದೆ. ವಾಕ್‌ದೋಷವಿದ್ದ ಓಂಕಾರ್ ಗೋಂಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ, ವೈಕಲ್ಯದ ಶೇಕಡಾವಾರು ಲೆಕ್ಕವೊಂದನ್ನೇ ಹಿಡಿದು ಯಾರನ್ನೂ ಹೊರಗಿಡಲಾಗದು, ಆ ವ್ಯಕ್ತಿ ವಾಸ್ತವವಾಗಿ ವ್ಯಾಸಂಗ ಮಾಡಬಲ್ಲನೇ ಎಂಬುದನ್ನು ವೈಕಲ್ಯ ಮೌಲ್ಯಮಾಪನ ಮಂಡಳಿಯು ಪರೀಕ್ಷಿಸಿ ಕಾರಣಸಹಿತ ಹೇಳಬೇಕು ಎಂದು ತೀರ್ಪಿತ್ತಿತು; 2025ರ ಫೆಬ್ರವರಿಯಲ್ಲಿ ಅನ್ಮೋಲ್ ಪ್ರಕರಣದಲ್ಲಿ, ಎರಡೂ ಕೈಗಳು ಊನವಿಲ್ಲದೆ ಇರಲೇಬೇಕೆಂಬ ನಿಬಂಧನೆಯನ್ನು ಒಪ್ಪಲಿಲ್ಲ. ಇವೆರಡೂ ಎಂಬಿಬಿಎಸ್ ಪ್ರವೇಶಕ್ಕೆ ಸಂಬಂಧಿಸಿದ ತೀರ್ಪುಗಳಾದರೂ, ದಂತವೈದ್ಯ ವಿದ್ಯಾರ್ಥಿಯೂ ಅವುಗಳ ತತ್ತ್ವವನ್ನು ಮುಂದಿಟ್ಟು, ತನ್ನನ್ನು ಕೈಬಿಟ್ಟ ಕಾರಣವನ್ನು ಬರಹದಲ್ಲಿ ಕೇಳಬಹುದು.

ನೆಲದ ಅರ್ಹತೆ, ಕಾಗದದ ಅರ್ಹತೆ

ರಾಜ್ಯದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅವುಗಳಿಗೆ ಅರ್ಹರಾಗಲು ಸಾಮಾನ್ಯವಾಗಿ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ದುಡಿಮೆಗೆಂದು ಗೋವೆಗೋ ಮಹಾರಾಷ್ಟ್ರಕ್ಕೋ ಹೋದ ತಂದೆತಾಯಿಗಳ ಮಕ್ಕಳು ಇದರಲ್ಲಿ ತೊಡಕುಂಟಾದೀತೆಂದು ಮೊದಲೇ ಎಚ್ಚರ ವಹಿಸಬೇಕು. ಆದರೆ ತಂದೆತಾಯಿಗಳಲ್ಲೊಬ್ಬರು ಇಲ್ಲಿ ಏಳು ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲಿಯೇ ಓದಿದ್ದರೆ, ಅದಕ್ಕೂ ಪ್ರತ್ಯೇಕ ಅವಕಾಶವಿದೆ. ಗಡಿಯಾಚೆಯ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡಿಗ ಮಕ್ಕಳು ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಬಹುದು. ಅವರು ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಉಂಟು. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ರುಜುವಿನೊಂದಿಗೆ ಸಿದ್ಧವಾಗಿಟ್ಟುಕೊಳ್ಳಬೇಕು. ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ತಿದ್ದುವುದು ಅವಶ್ಯ: ನೆರೆಯ ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ದೊರೆಯುವ, ಸಂವಿಧಾನದ 371ಜೆ ವಿಧಿಯ ಮೀಸಲಾತಿ ವಿಜಯಪುರ ಜಿಲ್ಲೆಗೆ ಅನ್ವಯಿಸುವುದಿಲ್ಲ. ಅದನ್ನು ನಂಬಿ ಬೇರೆ ಮೀಸಲಾತಿಯ ಕಾಗದಗಳನ್ನು ಕಡೆಗಣಿಸಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದಾಗ ಸಕಾಲ ಅಧಿನಿಯಮದ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. ವಿಳಂಬವನ್ನು ಪ್ರಶ್ನಿಸಲು ಅದೇ ಆಧಾರ. ತಹಶೀಲ್ದಾರರು ಜಾತಿ ಪ್ರಮಾಣಪತ್ರವನ್ನು ನಿರಾಕರಿಸಿದರೆ, ಆದೇಶ ತಲುಪಿದ 30 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು 1990ರ ರಾಜ್ಯ ಕಾಯ್ದೆಯಿಂದ ಪ್ರಾಪ್ತವಾಗಿದೆ.

ಹಣ ಅರ್ಹತೆಯಲ್ಲ

ನಿಗದಿತ ಶುಲ್ಕದ ಹೊರತಾಗಿ ಸೀಟಿಗಾಗಿ ಹಣ ಕೇಳುವುದು 1984ರ ಕರ್ನಾಟಕ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯಂತೆ ಅಪರಾಧ. ನಮ್ಮ ರಾಜ್ಯಕ್ಕೇ ಸಂಬಂಧಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯವು ಇಂಥ ವಸೂಲಿಯನ್ನು ಖಂಡಿಸಿತು. ಆದಕಾರಣ ಮಧ್ಯವರ್ತಿಗಳ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ; ಕಟ್ಟಿದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಪಡೆಯಿರಿ.

ಅನ್ಯಾಯವಾದಾಗ

ಮೊದಲು ಪರೀಕ್ಷಾ ಪ್ರಾಧಿಕಾರಕ್ಕೆ ಬರಹದ ದೂರು. ಕಾರಣ ತಿಳಿಯದಿದ್ದರೆ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ, ಅದಕ್ಕೆ 30 ದಿನಗಳಲ್ಲಿ ಉತ್ತರ ಬರಬೇಕು. ಕೊನೆಯದಾಗಿ ಸಂವಿಧಾನದ 226ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ. ವಿಜಯಪುರ ಜಿಲ್ಲೆಯು ಕಲಬುರಗಿ ಪೀಠದ ವ್ಯಾಪ್ತಿಗೆ ಸೇರಿರುವುದರಿಂದ ಬೆಂಗಳೂರಿನವರೆಗೆ ಅಲೆಯಬೇಕಾಗಿಲ್ಲ. ಸೀಟು ಹಂಚಿಕೆಯ ಸುತ್ತುಗಳು ಮುಗಿದ ಮೇಲೆ ಗೆದ್ದರೂ ಸ್ಥಾನ ಉಳಿದಿರುವುದು ಕಷ್ಟವಾದ್ದರಿಂದ, ಇಲ್ಲಿ ಒಂದೊಂದು ದಿನವೂ ಅಮೂಲ್ಯ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಮತ್ತು ವಿಕಲಚೇತನರಿಗೆ, ಆದಾಯವೆಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ನೆರವು ಲಭ್ಯವಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೆ 15100ಕ್ಕೆ ಕರೆಮಾಡಿ ಕೇಳಿ. ಪಾಲಕರೇ, ಮಗುವಿನ ಓದಿನೊಂದಿಗೆ ಅದರ ಕಾಗದಗಳನ್ನೂ ಪ್ರಥಮ ಪಿಯುಸಿಯಿಂದಲೇ ಜೋಡಿಸಲಾರಂಭಿಸಿರಿ.