ಮನೆಯ ಕಡತ ಮತ್ತು ಬಂಡವಾಳ ಲಾಭದ ತೆರಿಗೆ

ವ್ಯಾಪಾರದ ಲೆಕ್ಕಪತ್ರಗಳನ್ನು ಜೋಪಾನವಾಗಿರಿಸುವ ವರ್ತಕರು ಅನೇಕರಿದ್ದಾರೆ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯು ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪುಸ್ತಕಗಳನ್ನು ಉಳಿಸಿಕೊಳ್ಳಬೇಕೆಂದು ವಿಧಿಸಿರುವುದರಿಂದ ಆ ಕಡತಗಳಿಗೆ ಪ್ರತ್ಯೇಕ ಕಪಾಟು ಇರುತ್ತದೆ, ನೋಡಿಕೊಳ್ಳಲು ಗುಮಾಸ್ತರಿರುತ್ತಾರೆ. ಅದೇ ವರ್ತಕರ ಮನೆಯ ಕಾಗದಪತ್ರಗಳು ಮಾತ್ರ ಟ್ರಂಕಿನ ತಳದಲ್ಲಿ, ಹಳೆಯ ಲಗ್ನಪತ್ರಿಕೆಗಳ ನಡುವೆ ಬಿದ್ದಿರುತ್ತವೆ. ಈ ಅಲಕ್ಷ್ಯದ ಬೆಲೆ ತಿಳಿದುಬರುವುದು ಮನೆ ಮಾರುವ ಸಂದರ್ಭದಲ್ಲಿ.

ಒಂದು ಉದಾಹರಣೆಯನ್ನು ಗಮನಿಸಬಹುದು. 1992ರಲ್ಲಿ ಕೊಂಡ ಮನೆಯೊಂದು 2025-26ನೇ ಸಾಲಿನಲ್ಲಿ 60 ಲಕ್ಷ ರೂ.ಗಳಿಗೆ ಮಾರಾಟವಾಯಿತೆಂದಿಟ್ಟುಕೊಳ್ಳೋಣ. 2001ರ ಏಪ್ರಿಲ್ 1ರಂದು ಅದರ ಮೌಲ್ಯ 10 ಲಕ್ಷ ರೂ. ಇತ್ತು, 2010-11ರಲ್ಲಿ ಮಾಲೀಕರು 4 ಲಕ್ಷ ರೂ. ವೆಚ್ಚದಲ್ಲಿ ಮೇಲಂತಸ್ತು ಕಟ್ಟಿಸಿದ್ದರು. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಭೂಮಿ ಮತ್ತು ಕಟ್ಟಡಗಳಿಗೆ, ನಿವಾಸಿ ವ್ಯಕ್ತಿಗಳೂ ಹಿಂದೂ ಅವಿಭಕ್ತ ಕುಟುಂಬಗಳೂ ಸೂಚ್ಯಂಕವಿಲ್ಲದೆ ಶೇ. 12.5 ಅಥವಾ ಸೂಚ್ಯಂಕ ಸಹಿತ ಶೇ. 20, ಇವೆರಡರಲ್ಲಿ ಕಡಿಮೆಯಾದ ತೆರಿಗೆಯನ್ನು ಕೊಡಬಹುದು. 2001-02ರ ಸೂಚ್ಯಂಕ 100, 2010-11ರದು 167, 2025-26ರದು 376. ಅದರಂತೆ ಮನೆಯ ಮೂಲ ಬೆಲೆ 37.60 ಲಕ್ಷ, ಮೇಲಂತಸ್ತಿನ ವೆಚ್ಚ ಸುಮಾರು 9 ಲಕ್ಷ ರೂ. ಆಗುತ್ತದೆ. ಉಳಿದ ಲಾಭದ ಮೇಲಣ ತೆರಿಗೆ, ಸೆಸ್ ಬಿಟ್ಟು, ಸುಮಾರು 2.68 ಲಕ್ಷ ರೂ. ಮೇಲಂತಸ್ತಿನ ಬಿಲ್ಲುಗಳು ಕಳೆದುಹೋಗಿ ಆ ವೆಚ್ಚವನ್ನು ಅಧಿಕಾರಿ ಒಪ್ಪದಿದ್ದಲ್ಲಿ ತೆರಿಗೆ 4.48 ಲಕ್ಷಕ್ಕೆ ಏರುತ್ತದೆ. ಸಿಮೆಂಟು, ಕಬ್ಬಿಣ, ಗಾರೆ ಕೆಲಸದ ಒಂದು ಕಟ್ಟು ರಸೀದಿಗಳ ಬೆಲೆ 1.80 ಲಕ್ಷ ರೂಪಾಯಿ!

ಎಲ್ಲ ರಸೀದಿಗಳಿಗೂ ಈ ಮಾನ್ಯತೆಯಿಲ್ಲ. ಸುಣ್ಣಬಣ್ಣ, ನಲ್ಲಿ ದುರಸ್ತಿಯಂತಹ ಖರ್ಚುಗಳು ಲೆಕ್ಕಕ್ಕೆ ಬಾರವು; ಹೊಸ ಕೋಣೆ, ಕೊಳವೆ ಬಾವಿ, ಆವರಣ ಗೋಡೆ ಮುಂತಾದ ಶಾಶ್ವತ ಸುಧಾರಣೆಗಳು ಬರುತ್ತವೆ. ವರ್ತಕರು ಮಾಡುವ ಒಂದು ಸಾಮಾನ್ಯ ತಪ್ಪೆಂದರೆ ಮನೆಗೆ ತಂದ ಸಾಮಗ್ರಿಗೆ ಅಂಗಡಿಯ ಹೆಸರಿನಲ್ಲಿ ಬಿಲ್ಲು ಪಡೆಯುವುದು. ಅದು ವ್ಯಾಪಾರದ ಖರ್ಚೆಂದು ನ್ಯಾಯವಾಗಿ ಸಲ್ಲದು, ಮುಂದೆ ಮನೆಯ ವೆಚ್ಚವೆಂದು ತೋರಿಸುವುದೂ ಕಷ್ಟ. ಬಿಲ್ಲು ಮಾಲೀಕರ ಹೆಸರಿನಲ್ಲಿರಬೇಕು, ಹಣ ಅವರ ಸ್ವಂತ ಖಾತೆಯಿಂದ ಚೆಕ್ಕಿನ ಮೂಲಕ ಹೋಗಿರಬೇಕು, ಆ ವರ್ಷದ ಪಾಸ್‌ಪುಸ್ತಕವೂ ಬಿಲ್ಲಿನ ಜೊತೆಗಿರಬೇಕು. ಯಂತ್ರದಲ್ಲಿ ಮುದ್ರಿತವಾದ ನುಣುಪು ಕಾಗದದ ಬಿಲ್ಲುಗಳ ಅಕ್ಷರ ಕಾಲಕ್ರಮೇಣ ಅಳಿಸಿಹೋಗುವುದರಿಂದ ಅವುಗಳ ನೆರಳಚ್ಚು ಪ್ರತಿಯನ್ನು ಕೂಡಲೇ ತೆಗೆಸಿಡುವುದು ಲೇಸು.

2001ರ ಮೌಲ್ಯಕ್ಕೂ ಆಧಾರ ಬೇಕು. ನೋಂದಾಯಿತ ಮೌಲ್ಯಮಾಪಕರ ವರದಿ ರೂಢಿಯಲ್ಲಿದೆಯಾದರೂ, ಮುದ್ರಾಂಕ ಶುಲ್ಕಕ್ಕಾಗಿ ಅಂದಿನ ದಿನ ನಿಗದಿಯಾಗಿದ್ದ ಬೆಲೆ ಲಭ್ಯವಿರುವಲ್ಲಿ ಅದನ್ನು ಮೀರಿದ ಮೌಲ್ಯ ಊರ್ಜಿತವಾಗದು. ಪಿತ್ರಾರ್ಜಿತ ಮನೆಯಾದರೆ ತಂದೆಯವರ ಕ್ರಯಪತ್ರ, ಅವರು ಮಾಡಿಸಿದ ಕಟ್ಟಡದ ಬಿಲ್ಲುಗಳೇ ಮಗನ ತೆರಿಗೆಯನ್ನೂ ನಿರ್ಣಯಿಸುತ್ತವೆ.

ವರ್ಷವರ್ಷದ ಆದಾಯ ತೆರಿಗೆಯ ಕಾಗದಗಳ ಆಯುಸ್ಸು ಇಷ್ಟು ದೀರ್ಘವಲ್ಲ. ಮರುನಿರ್ಧರಣೆಯ ನೋಟೀಸು ಬರಬಹುದಾದ ಅವಧಿ, ಆದಾಯ ಗಳಿಸಿದ ವರ್ಷದ ಕೊನೆಯಿಂದ ಸಾಮಾನ್ಯವಾಗಿ ನಾಲ್ಕೂಕಾಲು ವರ್ಷ. ತಪ್ಪಿಹೋದ ಆದಾಯ 50 ಲಕ್ಷ ರೂ. ಅಥವಾ ಹೆಚ್ಚಾಗಿದ್ದಲ್ಲಿ ಆರೂಕಾಲು ವರ್ಷ. ಎಂಟು ವರ್ಷ ಇಟ್ಟುಕೊಂಡರೆ ಧಾರಾಳವಾಯಿತು. ಮನೆ ಬಾಡಿಗೆಗೆ ಕೊಟ್ಟವರು ಪುರಸಭೆಯ ಕಂದಾಯ ರಸೀದಿಯನ್ನೂ ಇದರೊಡನೆ ಇಡಬೇಕು, ಏಕೆಂದರೆ ಮಾಲೀಕರೇ ಕಟ್ಟಿದ ಕಂದಾಯವನ್ನು ಕಟ್ಟಿದ ವರ್ಷದ ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ಶೇ. 30ರ ವಿನಾಯಿತಿ ಸಿಗುತ್ತದೆ. ಆದರೆ ಎಂಟು ವರ್ಷದ ಲೆಕ್ಕ ಹಿಡಿದು ಮನೆಯ ಕಡತವನ್ನು ರದ್ದಿಗೆ ಹಾಕಲಾಗದು. ಮನೆ ಕೈಬಿಟ್ಟ ಮೇಲೂ ಎಂಟು ವರ್ಷ ಅದು ಉಳಿದಿರಬೇಕು.

ಇನ್ನು ರಕ್ಷಣೆಯ ವಿಚಾರ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನೆರೆ ನೀರು ಮನೆಗಳಿಗೆ ನುಗ್ಗಿತ್ತು. ಅಂತಹ ಸಂದರ್ಭದಲ್ಲಿ ನೆಲಮಟ್ಟದ ಟ್ರಂಕು ಏನನ್ನೂ ಕಾಯದು. ಬ್ಯಾಂಕಿನ ಲಾಕರು ಉತ್ತಮವಾದರೂ ನೈಸರ್ಗಿಕ ವಿಕೋಪದ ಹಾನಿಗೆ ಬ್ಯಾಂಕು ಹೊಣೆಯಲ್ಲ. ನೋಂದಾಯಿತ ಕ್ರಯಪತ್ರ ಕಳೆದರೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಕಬ್ಬಿಣದ ಬಿಲ್ಲಿಗೆ ಅಂತಹ ಕಚೇರಿಯಿಲ್ಲ. ಆದ್ದರಿಂದ ಬಿಲ್ಲುಗಳ ಸ್ಕ್ಯಾನ್ ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇರಿಸುವುದು ಅಗತ್ಯ. ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿದ ದಾಖಲೆ ಮೂಲಪತ್ರಕ್ಕೆ ಸಮಾನ; ಖಾತೆದಾರರು ತಾವೇ ಏರಿಸಿದ ಚಿತ್ರಕ್ಕೆ ಆ ಸ್ಥಾನವಿಲ್ಲವೆಂಬುದನ್ನು ಮರೆಯಬಾರದು. ಮನೆಸಾಲ ತೀರಿಸಿದವರು ಮೂಲಪತ್ರಗಳನ್ನು ಕೇಳಿ ಪಡೆಯಬೇಕು. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕು 30 ದಿನಗಳೊಳಗೆ ಅವನ್ನು ಹಿಂತಿರುಗಿಸಬೇಕು. ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು.

ಕಡೆಯದಾಗಿ, ಆದಾಯ ತೆರಿಗೆ ಜಾಲತಾಣದಲ್ಲಿ ಹಲವು ವರ್ತಕರ ಖಾತೆಗೆ ಜೋಡಣೆಯಾಗಿರುವುದು ಲೆಕ್ಕ ಪರಿಶೋಧಕರ ಕಚೇರಿಯ ಯಾರೋ ಸಹಾಯಕರ ಮೊಬೈಲ್ ಸಂಖ್ಯೆ. ಆ ಸಹಾಯಕರು ಕೆಲಸ ಬಿಟ್ಟುಹೋದರೆ ನೋಟೀಸಿನ ಸುದ್ದಿಯೂ ಅವರೊಡನೆ ಹೋಗುತ್ತದೆ. ತಮ್ಮದೇ ಸಂಖ್ಯೆಯನ್ನು, ಎರಡನೆಯದಾಗಿ ಪತ್ನಿಯ ಅಥವಾ ಮಕ್ಕಳ ಸಂಖ್ಯೆಯನ್ನು ನಮೂದಿಸಲು ಕೆಲವೇ ನಿಮಿಷ ಸಾಕು.